ಮಂದೆ ಪುಸ್ತಕ ತುಂಬಿಸಿದವರು

ಕಳೆದ ವಾರ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ಒಬ್ಬರ ಹತ್ತಿರ ಜಗಳವಾಡಿ ಗೆದ್ದು ಕೂತಿದ್ದೆ. ಗೆದ್ದ ಸಂತೋಷ ಎರಡು ಸ್ಟಾಪು ಉಳಿಯಲಿಲ್ಲ. ಮಳೆಯಲ್ಲಿ ನೆಂದ ಕಂಬಳಿ ಹೊದ್ದ ಮುದುಕರೊಬ್ಬರು ಹತ್ತಿ ನನ್ನ ಪಕ್ಕದಲ್ಲೇ ಕೂತರು. ಹಸಿ ಉಣ್ಣೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಬೇರೆಯವರಾಗಿದ್ದರೆ ಸೆರಗು ಮೂಗಿಗೆ ಹಿಡಿಯುತ್ತಿದ್ದರೇನೋ. ನಾನು ಮಾತ್ರ ಒಂಬತ್ತು ನೋಟ್ ಪುಸ್ತಕಗಳನ್ನು ನೆನೆದು ಕೂತುಬಿಟ್ಟೆ. ಆ ಪುಸ್ತಕಗಳೂ ಹೀಗೇ ನಾರುತ್ತಿದ್ದವು. ಅವನ್ನು ಎದೆಗೆ ಅವಚಿಕೊಂಡು ಸ್ಟಾಫ್ ರೂಮಿನಲ್ಲಿ ಕುಣಿದಾಡಿದ್ದೂ ನಾನೇ, ಅವುಗಳಿಂದ ಹದಿನೈದು ದಿನ ಅನ್ನ ಸೇರದಂತಾಗಿದ್ದೂ ನನಗೇ.

ನಾನು ಆಗ ಸಿಸ್ಟರುಗಳು ನಡೆಸುವ ಒಂದು ಸಣ್ಣ ಶಾಲೆಯಲ್ಲಿ ಕನ್ನಡ ಟೀಚರು. ಚಳ್ಳಕೆರೆ ಮೊಳಕಾಲ್ಮೂರು ರಸ್ತೆಯಿಂದ ಒಳಕ್ಕೆ ತಿರುಗಿದರೆ, ವರವು ಕಾವಲಿನ ಕಡೆಗೆ ಸಿಗುವ ಊರು. ಹಂಚಿನ ಎರಡು ಕೊಠಡಿ, ಶೀಟಿನ ಎರಡು ಕೊಠಡಿ, ಒಂದು ಬೇವಿನ ಮರ, ಒಂದು ಮೇರಿ ಮಾತೆಯ ಗೂಡು. ನಾವು ಟೀಚರುಗಳೆಲ್ಲ ಸುತ್ತಲ ಊರಿನ ಹಿಂದೂಗಳೇ, ಮಕ್ಕಳೂ ಹಾಗೇ. ಹೆಡ್ ಮಿಸ್ಟ್ರೆಸ್ ಸಿಸ್ಟರ್ ಲೀನಾ ಮಾತ್ರ ಮಂಗಳೂರು ಕಡೆಯವರು. ಅವರ ಕನ್ನಡ ಪುಸ್ತಕದಿಂದ ಎದ್ದು ಬಂದಂತೆ ಇರುತ್ತಿತ್ತು. ನನಗೋ ಒಂದೇ ಒಂದು ಜಂಬ: ನನ್ನ ದುಂಡು ಅಕ್ಷರ. ಮದುವೆ ಪತ್ರಿಕೆಯ ಮೇಲೆ ಹೆಸರು ಬರೆಸಲು ಊರಿನವರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಮಕ್ಕಳು ಲೆಕ್ಕ ತಪ್ಪಿದರೆ ನಾನು ಕ್ಷಮಿಸುತ್ತಿದ್ದೆ. ಅಕ್ಷರ ಸೊಟ್ಟಗಾದರೆ ನನ್ನ ಮುಖವೂ ಸೊಟ್ಟಗಾಗುತ್ತಿತ್ತು.

ಶಾಲೆಯ ಆಚೆಗೆ ಒಂದು ಹಟ್ಟಿ. ಅಲ್ಲಿನವರ ಬದುಕು ಕುರಿ. ಕಾವಲಿಗೆ, ಅಂದರೆ ಅವರ ಹುಲ್ಲುಗಾವಲಿಗೆ, ಬೇಲಿ ಗೋಡೆ ಎದ್ದ ಮೇಲೆ ಮೇವಿನ ಜಾಗ ಕಡಿಮೆಯಾಗಿ, ಸಂಕ್ರಾಂತಿ ಮುಗಿಯುತ್ತಿದ್ದಂತೆ ಮಂದೆ ಕಟ್ಟಿಕೊಂಡು ನೀರಾವರಿ ಸೀಮೆಗೆ ಹೊರಡುವುದು ಅವರಿಗೆ ಅನಿವಾರ್ಯವಾಗಿತ್ತು. ಕೊಯ್ಲಾದ ಗದ್ದೆಗಳಲ್ಲಿ ಕುರಿ ನಿಲ್ಲಿಸಿ, ಊರಿಂದೂರಿಗೆ ನಡೆದು, ಮುಂಗಾರು ಬಿದ್ದ ಮೇಲೆ ವಾಪಸಾಗುತ್ತಿದ್ದರು. ಗಂಡ ಹೆಂಡತಿ ಹೊರಟರೆ ಮಕ್ಕಳೂ ಹೊರಡಬೇಕು, ಎಳೆ ಮರಿಗಳನ್ನು ನೋಡಿಕೊಳ್ಳುವುದು ಮಕ್ಕಳ ಕೆಲಸ. ಅಂಥ ಒಂಬತ್ತು ಮಕ್ಕಳು ನಮ್ಮಲ್ಲಿದ್ದರು. ಫೆಬ್ರವರಿ ಬಂತೆಂದರೆ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಉದ್ದಕ್ಕೆ ಗೈರು. ಕೊನೆಗೆ ಕೆಂಪು ಶಾಯಿಯಲ್ಲಿ ಹೆಸರು ಹೊಡೆದುಹಾಕುವ ಕೆಲಸ ಕ್ಲಾಸ್ ಟೀಚರ್ ಆದ ನನ್ನದು.

ಒಂದು ಸಲ ಹಾಗೆ ಹೆಸರು ಹೊಡೆದುಹಾಕುತ್ತಿದ್ದಾಗ ಸಿಸ್ಟರ್ ಲೀನಾ ನನ್ನ ಕೈ ಹಿಡಿದುಕೊಂಡರು. "ಶಾಲೆ ಬಿಟ್ಟು ಮಕ್ಕಳು ಹೋಗುತ್ತಾರೆ ಅಂತ ಯಾಕೆ ಹೇಳಬೇಕು? ಶಾಲೆಯನ್ನೇ ಅವರ ಜೊತೆ ಕಳಿಸಿದರೆ ಆಗದೇ?" ಅಂದರು. ಹಾಗೆ ಹುಟ್ಟಿದ್ದು ಮಂದೆ ಪುಸ್ತಕ. ದಿನಕ್ಕೊಂದು ಪುಟ. ಪುಟದ ತಲೆಯಲ್ಲಿ ನಾನು ನನ್ನ ದುಂಡು ಅಕ್ಷರದಲ್ಲಿ ಒಂದು ಸಾಲು ಬರೆಯಬೇಕು, ಮಗು ಅದನ್ನು ನೋಡಿ ಕೆಳಗೆ ಅದನ್ನೇ ಹತ್ತು ಸಲ ಬರೆಯಬೇಕು. ಅಡಿಯಲ್ಲೊಂದು ಚೌಕ. ಅದರಲ್ಲಿ ಆ ದಿನ ಕಂಡಿದ್ದರ ಚಿತ್ರ. ಒಂಬತ್ತು ಪುಸ್ತಕಕ್ಕೂ ಪ್ರತಿ ಪುಟಕ್ಕೂ ನಾನೇ ಬರೆದೆ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ. ಹಿರಿಯರಿಗೆ ಗೌರವ ಕೊಡಬೇಕು. ನಾನು ದಿನವೂ ಶಾಲೆಗೆ ಹೋಗುತ್ತೇನೆ. ಕೈ ಮರಗಟ್ಟಿತು, ಆದರೂ ಬಿಡಲಿಲ್ಲ.

ಜನವರಿಯಲ್ಲಿ ಹಟ್ಟಿಗೆ ಹೋಗಿ ಮನೆಮನೆಗೆ ಪುಸ್ತಕ ಕೊಟ್ಟೆವು. ಎರಡನೇ ಕ್ಲಾಸಿನ ಸಿಂಚನಳ ಮನೆಯಲ್ಲಿ ಅವಳ ಅವ್ವ ಕಾಟಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಪುಸ್ತಕವನ್ನು ಎರಡೂ ಕೈಲಿ ತೆಗೆದುಕೊಂಡಳು. ಉದ್ದ ಹೆಂಗಸು, ಕೆನ್ನೆಯ ಮೇಲೆ ಹಚ್ಚೆ, ಮಾತು ಕಡಿಮೆ.

"ಇದನ್ನ ವಾಪಸ್ ಕೊಡ್ಬೇಕೇನ್ರಿ ಟೀಚ್ರಮ್ಮ?"

"ಮತ್ತೆ? ಪೂರಾ ತುಂಬಿಸಿ ವಾಪಸ್ ಕೊಡಬೇಕು ನೋಡು. ಖಾಲಿ ತಂದ್ರೆ ನಾನ್ ಸುಮ್ನಿರಲ್ಲ" ಅಂದೆ. ನನ್ನ ಮಾತೇ ಹಾಗೆ, ಒಳ್ಳೆಯದನ್ನೂ ಬೈದೇ ಹೇಳುತ್ತೇನೆ.

"ಇಲ್ರಿ, ಖಾಲಿ ತರಾಕಿಲ್ಲ" ಅಂದಳು ಕಾಟಮ್ಮ. ಬಹಳ ಗಂಭೀರವಾಗಿ ಅಂದಳು.

ಬೇಸಿಗೆಯಲ್ಲಿ ಒಂದು ಸುತ್ತೋಲೆ ಬಂತು. ಕ್ರೈಸ್ತ ಶಾಲೆಗಳ ಒಕ್ಕೂಟವೊಂದು ತನ್ನ ಶಾಲೆಗಳಲ್ಲಿ ನಡೆಯುತ್ತಿರುವ ಹೊಸ ಬಗೆಯ ಕಾರ್ಯಕ್ರಮಗಳನ್ನು ಗುರುತಿಸಿ ಮನ್ನಣೆ ಕೊಡುತ್ತದಂತೆ. ದೊಡ್ಡ ಊರಿನ ದೊಡ್ಡ ಶಾಲೆಗಳ ಜೊತೆ ನಮ್ಮದೇನು ಲೆಕ್ಕ ಎಂದು ನಾನು ಮೂಗು ಮುರಿದೆ. ಸಿಸ್ಟರ್ ಬಾಗಿಲು ಮುಂದೆ ಮಾಡಿ ವಿಷಯ ಹೇಳಿದರು. ನಮ್ಮ ಆಡಳಿತ ಮಂಡಳಿಗೆ ಮಂದೆ ಪುಸ್ತಕದ ಮೇಲೆ ನಂಬಿಕೆ ಇರಲಿಲ್ಲ. ಶಾಲೆಗೆ ಬಾರದ ಮಕ್ಕಳ ಹೆಸರನ್ನು ಹಾಜರಿಯಲ್ಲಿ ಇಟ್ಟುಕೊಳ್ಳುವುದು ತಪ್ಪು ಎಂದು ಅವರ ವಾದ. ಹೊರಗಿನವರು ಬಂದು ನೋಡಿ ಒಪ್ಪಿದರೆ ಮುಂದುವರಿಸಿ, ಇಲ್ಲದಿದ್ದರೆ ಬರುವ ವರ್ಷದಿಂದ ನಿಲ್ಲಿಸಿ ಎಂದು ಬರೆದಿದ್ದರು. ಮನ್ನಣೆ ಸಿಕ್ಕರೆ ಒಂಬತ್ತು ಹೆಸರು ಉಳಿಯುತ್ತವೆ, ಸಿಗದಿದ್ದರೆ ಮತ್ತೆ ಕೆಂಪು ಶಾಯಿ. "ಅರ್ಜಿಯನ್ನು ನೀವೇ ಬರೆಯಬೇಕು" ಅಂದರು ಸಿಸ್ಟರ್. ಇಂಥ ಕೆಲಸ ನನಗೆ ಬಿಟ್ಟರೆ ಕೇಳಬೇಕೇ? 'ಸಂಚಾರಿ ಜ್ಞಾನದೀಪ' ಎಂದೆಲ್ಲ ಹೆಸರಿಟ್ಟು ಹನ್ನೊಂದು ಪುಟ ಬರೆದೆ.

ಜೂನ್ ಮೊದಲ ವಾರ, ಮಳೆ ಹಿಡಿದುಕೊಂಡಿದ್ದ ಒಂದು ಬೆಳಿಗ್ಗೆ, ಸಿಂಚನಳ ಅಪ್ಪ ಬೋರಯ್ಯ ಒಬ್ಬನೇ ಮೋಟರ್ ಸೈಕಲ್ಲಿನಲ್ಲಿ ಬಂದ. ಮಂದೆ ಇನ್ನೂ ಬಳ್ಳಾರಿ ಕಡೆ ಹಿಂದುಳಿದಿತ್ತು, ನಡೆದು ಬರಲು ಮೂರು ವಾರ ಬೇಕು. ಕುರಿಗೆ ಔಷಧಿ ಒಯ್ಯಲು ಬಂದವನು ಒಂಬತ್ತೂ ಪುಸ್ತಕಗಳನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದ. "ಯೆಂಗಸ್ರು ಮೊದ್ಲು ಇವನ್ನ ಮುಟ್ಸು ಅಂದ್ರು ಕಣ್ರಮ್ಮ. ಬುಕ್ ಬಾಕಿ ಇಕ್ಕಂಬಾರ್ದಂತೆ" ಎಂದು ಮೇಜಿನ ಮೇಲಿಟ್ಟು ಹೋದ.

ಸಿಂಚನಳ ಪುಸ್ತಕ ತೆರೆದೆ. ಅಕ್ಷರಶಃ ಕೂದಲು ನಿಮಿರಿತು. ಪುಟದ ತುಂಬ ನನ್ನದೇ ಅಕ್ಷರ! ನಾನು 'ತ್ತೇ' ಬರೆಯುವಾಗ ಕೊನೆಗೊಂದು ಸುಳಿ ಎಳೆಯುತ್ತೇನೆ, ಆ ಸುಳಿಯೂ ಹಾಗೇ ಇತ್ತು. ಹತ್ತು ಸಾಲಿಗೆ ಹತ್ತು ಸಾಲು, ದಾರ ಹಿಡಿದಂತೆ ನೆಟ್ಟಗೆ. ಚೌಕದಲ್ಲಿ ಕುರಿ, ಒಲೆ, ಕಾಲುವೆ, ಮಲಗಿದ ಮಗು. ಉಳಿದ ಪುಸ್ತಕಗಳೂ ಹೆಚ್ಚು ಕಡಿಮೆ ಹಾಗೇ. ಎರಡು ಮಾತ್ರ ಅರ್ಧ ಬರೆದು ಬಿಟ್ಟಿದ್ದವು, ಅವುಗಳ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಅವನ್ನು ನಾಚಿಕೆಯಿಂದ ಪಕ್ಕಕ್ಕೆ ತಳ್ಳಿದೆ. ಆ ಎರಡೇ ನಿಜವಾದ ಪುಸ್ತಕಗಳು ಎಂದು ಆಗ ಯಾರಾದರೂ ಹೇಳಿದ್ದರೆ ಅವರ ಬಾಯಿ ಬಡಿಯುತ್ತಿದ್ದೆ.

ಸಿಸ್ಟರ್ ಲೀನಾ ಪುಟ ತಿರುವಿದರು. "ಎರಡನೆಯ ತರಗತಿಯ ಮಗು ಇಷ್ಟು ಚೆನ್ನಾಗಿ ಬರೆಯುವುದುಂಟಾ?" ಅಂದರು.

"ಯಾಕೆ ಸಿಸ್ಟರ್, ಹಟ್ಟಿ ಮಕ್ಕಳು ಚೆನ್ನಾಗಿ ಬರೆಯಬಾರದಾ?" ಎಂದು ನಾನು ಬಾಯಿ ಮುಚ್ಚಿಸಿದೆ. ಅವರು ಕೇಳಿದ್ದು ಅದಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಆ ಸುಳಿ ನೋಡಿದ ಮೇಲೆ ನನಗೆ ಬೇರೇನೂ ಬೇಕಾಗಿರಲಿಲ್ಲ. ಹೊಗಳಿಕೆ ತಿಂದವರಿಗೆ ಹಸಿವೆ ಗೊತ್ತಾಗುವುದಿಲ್ಲ. ಚೆಂದದ ಏಳು ಪುಸ್ತಕಗಳನ್ನು ಅರ್ಜಿಯ ಜೊತೆ ಕಳಿಸಿಬಿಟ್ಟೆ.

ಒಕ್ಕೂಟದಿಂದ ಫೋನೇ ಬಂತು. ಇಂಥದ್ದನ್ನು ನಾವು ನೋಡೇ ಇಲ್ಲ, ಖುದ್ದಾಗಿ ಬಂದು ಮಕ್ಕಳನ್ನು ಮಾತನಾಡಿಸುತ್ತೇವೆ ಎಂದರು. ದಿನ ಗೊತ್ತಾಯಿತು. ಅದಕ್ಕೆ ಮೂರು ದಿನ ಮುಂಚೆ ಮಂದೆ ಹಟ್ಟಿ ಸೇರಿತು, ಮಕ್ಕಳು ಶಾಲೆಗೆ ಬಂದರು. ಬಿಸಿಲಿಗೆ ಕಪ್ಪಾಗಿ, ಕಾಲು ಒಡೆದು, ಆದರೆ ನಗುನಗುತ್ತಾ. ಆ ಮೂರು ದಿನ ಏನೇನು ಮಾಡಿದೆವು ಅಂತೀರಿ! ಗೋಡೆಗೆ ಸುಣ್ಣ, ಬೇವಿನ ಮರದ ಬುಡಕ್ಕೆ ಕೆಮ್ಮಣ್ಣು, ಸ್ವಾಗತ ಗೀತೆ, ಮಕ್ಕಳಿಗೆ ತಲೆ ಬಾಚುವುದು, ಕೈಮುಗಿದು ನಿಲ್ಲುವುದನ್ನು ಕಲಿಸುವುದು. ಒಂದೇ ಒಂದು ಮಾಡಲಿಲ್ಲ. ಆ ಮಕ್ಕಳ ಕೈಗೆ ಒಂದು ಬಳಪ ಕೊಟ್ಟು ಏನಾದರೂ ಬರೆ ಮಗಾ ಅನ್ನಲಿಲ್ಲ.

ಬಂದವರು ಮೂವರು. ಒಬ್ಬರು ಫಾದರ್, ಒಬ್ಬರು ಕಾಲೇಜಿನ ಮೇಡಂ, ಮತ್ತೊಬ್ಬರು ದಪ್ಪ ಕನ್ನಡಕದ ನಿವೃತ್ತ ಹೆಡ್ ಮಾಸ್ಟರು. ಆ ಹೆಡ್ ಮಾಸ್ಟರೇ ಸಮಿತಿಗೆ ಹಿರಿಯರು. ಹಟ್ಟಿಯ ಅಪ್ಪ ಅಮ್ಮಂದಿರು ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದರು. ಹೆಡ್ ಮಾಸ್ಟರು ಸಿಂಚನಳ ಪುಸ್ತಕವನ್ನು ಎತ್ತಿ ಎಲ್ಲರಿಗೂ ತೋರಿಸಿ, "ಈ ಅಕ್ಷರ ನೋಡಿ ನಾನು ನನ್ನ ಮೊಮ್ಮಗನಿಗೆ ಬೈದೆ" ಅಂದರು. ನನ್ನ ಎದೆ ಉಬ್ಬಿತು. "ಬಾ ಪುಟ್ಟಿ, ಬೋರ್ಡಿನ ಮೇಲೆ ಒಂದೇ ಸಾಲು ಬರಿ. ನಿನಗಿಷ್ಟ ಬಂದಿದ್ದು."

ಸಿಂಚನ ಬೋರ್ಡಿನ ಹತ್ತಿರ ಹೋದಳು. ಸೀಮೆಸುಣ್ಣ ಹಿಡಿದಳು. ನಿಂತಳು. ನಿಂತೇ ಇದ್ದಳು. ನಾಚಿಕೆ ಎಂದುಕೊಂಡು, "ಬರಿಯೇ, ಸೂರ್ಯ ಪೂರ್ವದಲ್ಲಿ" ಎಂದು ಹೇಳಿಕೊಟ್ಟೆ. ಅವಳು ಒಂದು 'ಸ' ಬರೆದಳು. ಅದು 'ಸ'ವೋ ಅಲ್ಲವೋ ಗೊತ್ತಾಗುವಂತಿರಲಿಲ್ಲ. ಕೈ ಕೆಳಗಿಳಿಸಿ ನನ್ನ ಮುಖ ನೋಡಿದಳು. ಆ ನೋಟ ಇವತ್ತಿಗೂ ಮರೆತಿಲ್ಲ. ಅದರಲ್ಲಿ ನಾಚಿಕೆ ಇರಲಿಲ್ಲ, ಶುದ್ಧ ಭಯ ಇತ್ತು.

"ಏನೇ ಇದು ನಾಟಕ? ನೂರು ಪುಟ ಬರ್ದವಳಿಗೆ ಒಂದು ಸಾಲು ಬರಲ್ವಾ?" ಬಂದವರ ಎದುರಿಗೇ ನಾನು ಕಿರುಚಿಬಿಟ್ಟೆ.

"ಅವ್ಳನ್ನ ಬೈಬ್ಯಾಡ್ರಿ ಟೀಚ್ರಮ್ಮ."

ಬಾಗಿಲಿನಿಂದ ಬಂದ ಮಾತು. ಕಾಟಮ್ಮ ಎರಡು ಹೆಜ್ಜೆ ಒಳಗೆ ಬಂದಿದ್ದಳು. "ಅವ್ಳು ಬರ್ದಿಲ್ರಿ. ಬುಕ್ ತುಂಬ್ಸಿದ್ದು ನಾನು."

ಸಿಡಿಲು ಹೊಡೆದಂತಾಯಿತು ಎಂದು ಕಥೆಯಲ್ಲಿ ಬರೆಯುತ್ತಾರಲ್ಲ, ಅದು ಹೇಗಿರುತ್ತದೆ ಎಂದು ನನಗೆ ಅವತ್ತು ತಿಳಿಯಿತು. ಕಾಲೇಜಿನ ಮೇಡಂ ಕೈಲಿದ್ದ ಪೆನ್ನು ಕೆಳಗೆ ಬಿತ್ತು, ಅದನ್ನು ಯಾರೂ ಎತ್ತಿಕೊಡಲಿಲ್ಲ.

"ನೀನಾ? ನಿನಗೆ ಓದು ಬರಹ ಬರುತ್ತಾ?" ಕೇಳಿದ್ದು ನಾನೇ ಇರಬೇಕು.

"ಎಲ್ಲಿ ಬರ್ತೈತ್ರಿ? ಮ್ಯಾಲೆ ನೀವು ಬರ್ದಿದ್ದು ಐತಲ್ಲ, ಅದನ್ನ ನೋಡ್ಕಂಡು ಹಂಗೇ ಇಳಿಸ್ದೆ. ರಂಗೋಲಿ ಎಳೀತೀವಲ್ರಿ, ಹಂಗೆ. ಮದ್ಯಾನ ಕುರಿ ನೆಳ್ಳಿಗೆ ಬಿದ್ಮ್ಯಾಲೆ ಕುಂತ್ಕಂಡು ಬರೀತಿದ್ದೆ. ಸಿಂಚನಂಗೆ ಮರಿ ನೋಡಾಕೇ ಹೊತ್ತು ಸಾಲ್ತಿರ್ಲಿಲ್ಲ."

"ಯಾಕೆ ಬರೆದೆ ಕಾಟಮ್ಮ? ಯಾರು ಬರೆಯೋಕೆ ಹೇಳಿದ್ರು ನಿನಗೆ?"

ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ನೀವೇ ಅಂದ್ರಲ್ರಿ, ಖಾಲಿ ತರ್ಬ್ಯಾಡ ಅಂತ. ಒಬ್ರ ಮನಿಂದ ಪಾತ್ರೆ ಇಸ್ಕಂಡ್ರೆ ಬರೀ ಪಾತ್ರೆ ವಾಪಸ್ ಕೊಡ್ತೀವೇನ್ರಿ? ಒಂದ್ ಹಿಡಿ ಹುಳ್ಳಿನೋ, ನಾಕ್ ಈರುಳ್ಳಿನೋ ಹಾಕಿ ಕೊಡ್ತೀವಿ. ಖಾಲಿ ಕೊಟ್ರೆ ಆ ಮನೆಗೂ ಒಳ್ಳೇದಲ್ಲ, ನಮಗೂ ಒಳ್ಳೇದಲ್ಲ. ಮಗಳ ಕೈಲಿ ಆಗ್ಲಿಲ್ಲ, ಅದ್ಕೆ ನಾನ್ ತುಂಬ್ಸಿದೆ."

ಅವಳ ಹಿಂದೆ ಇನ್ನೊಬ್ಬಳು, "ನಮ್ದೂ ಅಷ್ಟೇ ಕಣ್ರಮ್ಮ, ನಾನೇ" ಅಂದಳು. ಮತ್ತೊಬ್ಬಳು. ಆಮೇಲೆ ಮತ್ತೊಬ್ಬಳು. ಒಂಬತ್ತರಲ್ಲಿ ಏಳು. ಯಾರ ಮುಖದಲ್ಲೂ ತಪ್ಪು ಮಾಡಿದ ಕಳೆ ಇಲ್ಲ. ಕಾಟಮ್ಮ ಹೇಳಿಕೊಟ್ಟು, ಮರದ ನೆರಳಲ್ಲಿ ಏಳೂ ಜನ ಒಟ್ಟಿಗೆ ಕೂತು ಬರೆಯುತ್ತಿದ್ದರಂತೆ. ಶಾಲೆಯ ಮಾತು ಉಳಿಸಿದೆವು ಎಂದೇ ಅವರು ತಿಳಿದಿದ್ದರು. ಇಲ್ಲಿ ಸಾಹೇಬರುಗಳ ಮುಖ ಯಾಕೆ ಹೀಗಾಯಿತು ಎಂದು ಅವರಿಗೆ ತಿಳಿಯದೆ ಒಬ್ಬರನ್ನೊಬ್ಬರು ನೋಡಿಕೊಂಡರು.

ನನಗೆ ಕೋಪ ನೆತ್ತಿಗೇರಿತ್ತು. ಕಾಟಮ್ಮನ ಮೇಲೆ, ಸಿಂಚನಳ ಮೇಲೆ, ಆ ಹಾಳು ಸುಳಿಯ ಮೇಲೆ. ಬಾಯಿ ತೆರೆದಿದ್ದರೆ ಏನೇನು ಬರುತ್ತಿತ್ತೋ. ಅಷ್ಟರಲ್ಲಿ ಸಿಸ್ಟರ್ ಲೀನಾ ಎದ್ದು ನಿಂತರು. "ನಾವು ಪರೀಕ್ಷೆ ಮಾಡದೆ ಕಳಿಸಿದ್ದು ತಪ್ಪು. ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತೇವೆ" ಅಂದರು. ಒಂಬತ್ತು ಹೆಸರುಗಳು ಹೋದವು ಎಂದು ನನಗೆ ಆ ಕ್ಷಣವೇ ತಿಳಿಯಿತು. ಹೆಡ್ ಮಾಸ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಮಕ್ಕಳ ಕಲಿಕೆಗೆ ಕೊಡುವ ಮನ್ನಣೆ ಸಿಸ್ಟರ್. ಇದಕ್ಕೆ ನಮ್ಮ ಫಾರಂನಲ್ಲಿ ಕಾಲಮ್ಮೇ ಇಲ್ಲ" ಎಂದು ಪುಸ್ತಕವನ್ನು ಮೇಜಿನ ಮೇಲಿಟ್ಟರು. ಬೈದಂತೆಯೂ ಇರಲಿಲ್ಲ, ಹೊಗಳಿದಂತೆಯೂ ಇರಲಿಲ್ಲ.

ಅವರು ಜೀಪು ಹತ್ತುವುದನ್ನು ನೋಡಲು ಎಲ್ಲರೂ ಹೊರಗೆ ಹೋದರು. ನಾನು ಹೋಗಲಿಲ್ಲ. ಕಾಟಮ್ಮನೂ ಹೋಗಲಿಲ್ಲ. ಮೇಜಿನ ಮೇಲಿದ್ದ ಪುಸ್ತಕ ತೆರೆದು, ಒಂದು ಪುಟದ ಮೇಲೆ ಬೆರಳಿಟ್ಟು ಕೇಳಿದಳು: "ಟೀಚ್ರಮ್ಮ, ಬೈಯೋದಾದ್ರೆ ಆಮ್ಯಾಲೆ ಬೈರಿ. ಇಲ್ಲಿ ನಾನು ಏನ್ ಬರ್ದೀನಿ ಅಂತ ಒಂದೀಟ್ ಓದಿ ಹೇಳ್ರಿ."

ಐದು ತಿಂಗಳು ಬರೆದವಳು, ತಾನು ಬರೆದಿದ್ದು ಏನೆಂದು ಮೊದಲ ಸಲ ಕೇಳುತ್ತಿದ್ದಾಳೆ. ನಾನು ಬಗ್ಗಿ ನೋಡಿದೆ. "ನಾನು ದಿನವೂ ಶಾಲೆಗೆ ಹೋಗುತ್ತೇನೆ" ಎಂದು ಓದಿದೆ.

"ಇದು?"

"ಅದೂ ಅದೇ. ನಾನು ದಿನವೂ ಶಾಲೆಗೆ ಹೋಗುತ್ತೇನೆ."

"ಹತ್ತೂ ಅದೇ ಏನ್ರಿ?"

"ಹತ್ತೂ ಅದೇ."

ಕಾಟಮ್ಮ ಬೆರಳು ತೆಗೆದಳು. ಇಷ್ಟು ಹೊತ್ತು ಇಲ್ಲದ ಗಾಬರಿ ಈಗ ಅವಳ ಮುಖದಲ್ಲಿ ಬಂತು. "ಅಯ್ಯೋ ಶಿವನೇ, ಸುಳ್ಳು ಬರ್ದಂಗಾತಲ್ರೀ! ನಾನು ಒಂದಿನಾನೂ ಸ್ಕೂಲಿಗೆ ಹೋದೋಳಲ್ಲ" ಅಂದಳು. ನನ್ನ ಕೋಪ ಎಲ್ಲಿ ಹೋಯಿತೋ. ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತೆ.

ಮುಂದಿನ ಹದಿನೈದು ದಿನ ನನಗೆ ಊಟ ರುಚಿಸಲಿಲ್ಲ. ಆ ವರ್ಷದ ಮನ್ನಣೆ ಬೇರೆ ಯಾವುದೋ ಊರಿನ ಶಾಲೆಗೆ ಹೋಯಿತು. ಹೋಗಲಿ. ಆಡಳಿತ ಮಂಡಳಿಯ ಪತ್ರವೂ ಬಂತು: ಮಂದೆ ಪುಸ್ತಕ ನಿಲ್ಲಿಸತಕ್ಕದ್ದು, ಗೈರಾದ ಮಕ್ಕಳ ಹೆಸರು ನಿಯಮದಂತೆ ತೆಗೆಯತಕ್ಕದ್ದು. ಸಿಸ್ಟರ್ ಪತ್ರ ಓದಿ ಮಡಚಿ ಡ್ರಾಯರಿನಲ್ಲಿಟ್ಟರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕಡೆಗೆ ನಾನೇ ಹಟ್ಟಿಗೆ ಹೋಗಿ, "ಸಂಜೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಬನ್ನಿ, ಕೈಗೆ ಬಂದಿರೋದು ಕಣ್ಣಿಗೂ ಬರಲಿ" ಎಂದು ಕರೆದೆ. ಏಳು ಜನ ಬಂದರು. ಶೇಂಗಾ ಕೀಳುವ ಕೆಲಸ ಶುರುವಾದಾಗ ನಾಲ್ಕಾದರು. ದೀಪಾವಳಿ ಹೊತ್ತಿಗೆ ಕಾಟಮ್ಮ ಒಬ್ಬಳೇ. ಸಿಂಚನ ಪಕ್ಕದಲ್ಲಿ ಕೂತು, ನನಗಿಂತ ಜೋರಾಗಿ ಅವ್ವನಿಗೆ ಗದರುತ್ತಿದ್ದಳು. ಗದರುವುದನ್ನು ಯಾರಿಂದ ಕಲಿತಳೆಂದು ಕೇಳಬೇಡಿ.

ಮತ್ತೆ ಸಂಕ್ರಾಂತಿ ಬಂತು. ಮಂದೆ ಹೊರಟಿತು. ಆರು ಮಕ್ಕಳು ಮಂದೆಯ ಜೊತೆ ಹೋದರು, ಆ ಆರು ಹೆಸರುಗಳಿಗೆ ನಾನೇ ಕೆಂಪು ಗೆರೆ ಎಳೆದೆ. ಇಬ್ಬರನ್ನು ಅವರ ಅಜ್ಜಿಯರು ಹಟ್ಟಿಯಲ್ಲೇ ಉಳಿಸಿಕೊಂಡರು. ಸಿಂಚನಳನ್ನು ಊರಲ್ಲಿದ್ದ ಅವಳ ದೊಡ್ಡಮ್ಮನ ಮನೆಯಲ್ಲಿ ಬಿಟ್ಟು, ಆ ವರ್ಷ ಮರಿಗಳನ್ನೂ ತಾನೇ ನೋಡಿಕೊಳ್ಳುತ್ತೇನೆಂದು ಕಾಟಮ್ಮ ಗಂಡನ ಹತ್ತಿರ ಜಗಳವಾಡಿ ಒಪ್ಪಿಸಿದ್ದಳು. ಹುಟ್ಟಿದಾಗಿನಿಂದ ಅವ್ವ ಮಗಳು ಒಂದು ದಿನವೂ ಬೇರೆ ಇದ್ದವರಲ್ಲ.

ಹೊರಡುವ ದಿನ ಬೆಳಿಗ್ಗೆ ಇಬ್ಬರೂ ಶಾಲೆಗೆ ಬಂದರು. ರಸ್ತೆಯ ಮೇಲೆ ಕುರಿಗಳು ಆಗಲೇ ಸಾಗುತ್ತಿದ್ದವು. "ನಂಗೊಂದ್ ಬುಕ್ ಕೊಡ್ರಿ ಟೀಚ್ರಮ್ಮ" ಅಂದಳು ಕಾಟಮ್ಮ. ಬೀರುವಿನಿಂದ ಹೊಸದೊಂದು ತೆಗೆದು, ತಲೆಸಾಲು ಬರೆಯಲು ಪೆನ್ನಿನ ಮುಚ್ಚಳ ಬಿಚ್ಚಿದೆ.

"ನೀವ್ ಬರೀಬ್ಯಾಡ್ರಿ" ಎಂದು ಕೈ ಅಡ್ಡ ಹಿಡಿದಳು. "ಅವ್ಳು ಬರೀಲಿ. ಒಂದೊಂದ್ ಹಾಳೆಗೆ ಒಂದೊಂದ್ ಸಾಲು. ದಿನಾ ಒಂದು ಓದ್ಕಂತೀನಿ."

ಸಿಂಚನ ಜಗುಲಿಯ ಮೇಲೆ ಬೋರಲು ಮಲಗಿ ಬರೆಯತೊಡಗಿದಳು. ಇಷ್ಟೂ ಹಾಳೆ ಈಗಲೇ ಮುಗಿಯದು, ಅಪ್ಪ ಔಷಧಿ ಒಯ್ಯಲು ಬಂದಾಗ ಉಳಿದದ್ದನ್ನು ಬಿಡಿ ಹಾಳೆಯಲ್ಲಿ ಬರೆದು ಕೊಡುತ್ತೇನೆಂದು ಹತ್ತು ಹಾಳೆ ಬರೆದು ಎದ್ದಳು. ದೊಡ್ಡ ದೊಡ್ಡ ಅಕ್ಷರ, ಒಂದು ಮೇಲೆ ಒಂದು ಕೆಳಗೆ. ಹಳೆಯ ನಾನಾಗಿದ್ದರೆ ಅಳಿಸಿ ಬರೆಸುತ್ತಿದ್ದೆ. ಕಾಟಮ್ಮ ನಿಂತಲ್ಲೇ ಮೊದಲ ಹಾಳೆ ತೆರೆದಳು. ಬೋರಯ್ಯ ರಸ್ತೆಯಿಂದ ಕೂಗುತ್ತಿದ್ದ, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು.

"ಅ... ವ್ವ... ನೀ... ನು... ಉ... ಣ್ಣು... ಅವ್ವ ನೀನು ಉಣ್ಣು."

ಓದಿ ಮುಗಿಸಿ ತಲೆ ಎತ್ತಲಿಲ್ಲ. ಮಂದೆಯಲ್ಲಿ ಎಲ್ಲರಿಗೂ ಬಡಿಸಿ, ಉಳಿದರೆ ಉಣ್ಣುವವಳು ಅವಳು. ಅದು ಮಗಳಿಗೆ ಗೊತ್ತಿತ್ತು. ಒಂಬತ್ತು ಪುಸ್ತಕಕ್ಕೆ ಪುಟಪುಟಕ್ಕೂ ಸಾಲು ಬರೆದವಳು ನಾನು. ಸೂರ್ಯನ ಬಗ್ಗೆ ಬರೆದೆ, ಗೌರವದ ಬಗ್ಗೆ ಬರೆದೆ. ಓದಿದವರು ತಿರುಗಿ ಉತ್ತರ ಕೊಡಬೇಕು ಅನ್ನುವಂಥ ಒಂದು ಸಾಲನ್ನೂ ಬರೆದಿರಲಿಲ್ಲ.

ಕಾಟಮ್ಮ ಪುಸ್ತಕವನ್ನು ಮಡಿಲಿಗೆ ಸಿಕ್ಕಿಸಿಕೊಂಡಳು. ಮಗಳ ಗಲ್ಲ ಹಿಡಿದು, "ಉಣ್ತೀನಿ ಕಣವ್ವ" ಅಂದಳು, ಕುರಿಗಳ ಹಿಂದೆ ಹೊರಟಳು.